ನೀರಿನಲ್ಲಿ ತೂಗಿ ಕಲ್ಲನ್ನು ಗುರುತಿಸಿದ ಬಗೆ

ಒಂದು ಖನಿಜ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದೇ ಅದರ ವಿಶಿಷ್ಟ ಗುರುತ್ವ. ಬೆಣಚುಕಲ್ಲಿಗೆ ಇದು 2.65, ಸೀಸದ ಅದಿರಾದ ಗೆಲೀನಕ್ಕೆ ಸುಮಾರು 7.5. ತುಣುಕು ಚಿಕ್ಕದಿರಲಿ ದೊಡ್ಡದಿರಲಿ, ಖನಿಜ ಶುದ್ಧವಾಗಿದ್ದರೆ ಸಂಖ್ಯೆ ಬದಲಾಗದು. ಗೀರದೆ, ಒಡೆಯದೆ, ಆಮ್ಲ ಸೋಕಿಸದೆ ಅಳೆಯಬಹುದಾದ್ದರಿಂದ ಬೆಲೆಬಾಳುವ ರತ್ನಗಳ ಪರೀಕ್ಷೆಗೆ ಈ ವಿಧಾನ ಚೆನ್ನಾಗಿ ಒಗ್ಗಿತು.

ಇದರ ತತ್ತ್ವವನ್ನು ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸ್ ನಿರೂಪಿಸಿದ: ನೀರಿನಲ್ಲಿ ಮುಳುಗಿದ ವಸ್ತುವಿನ ತೂಕ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಕಡಿಮೆಯಾಗುತ್ತದೆ. ಅದನ್ನು ರತ್ನಗಳಿಗೆ ಕ್ರಮಬದ್ಧವಾಗಿ ಅನ್ವಯಿಸಿದವನು 11ನೆಯ ಶತಮಾನದ ಅಲ್-ಬಿರೂನಿ. ಶಂಕುವಿನಾಕಾರದ ಪಾತ್ರೆಯಲ್ಲಿ ಕೊಳವೆಯ ಮಟ್ಟದವರೆಗೆ ನೀರು ತುಂಬಿ, ಕಲ್ಲು ಹಾಕಿದಾಗ ಹೊರಬಿದ್ದ ನೀರನ್ನು ಅವನು ತೂಗುತ್ತಿದ್ದ. ನೀಲದ ತೂಕವನ್ನು 100 ಎಂದಿಟ್ಟುಕೊಂಡರೆ ಅಷ್ಟೇ ಗಾತ್ರದ ಬದಕ್ಷಾನದ ಕೆಂಪು ಸ್ಪಿನೆಲ್ ಸುಮಾರು 90 ತೂಗುತ್ತದೆಂದು ಅವನ ಲೆಕ್ಕ. ಇಂದಿನ ಅಂಕಿಗಳಾದ 4.0 ಮತ್ತು 3.6 ಕೂಡ ಇದೇ ಪ್ರಮಾಣದಲ್ಲಿವೆ. ಮಾಣಿಕ್ಯವೂ ನೀಲದ ಜಾತಿಯದೇ ಆದ್ದರಿಂದ ಅದನ್ನು ಸ್ಪಿನೆಲ್‌ನಿಂದ ಬೇರ್ಪಡಿಸಲು ಈ ಅಂತರ ಸಾಕು. ಬಣ್ಣವನ್ನಷ್ಟೇ ನಂಬಿದ ಯುರೋಪಿನಲ್ಲಿ ಸ್ಪಿನೆಲ್‌ಗಳು ಬಹುಕಾಲ ಮಾಣಿಕ್ಯವೆನಿಸಿಕೊಂಡವು; ಬ್ರಿಟನ್ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ’ವೂ ಸ್ಪಿನೆಲ್ಲೇ. ಬಿರೂನಿಯ ಅಳತೆಗಳು 1121ರ ಸುಮಾರಿಗೆ ಅಲ್-ಖಾಜಿನಿ ತಕ್ಕಡಿಯ ಕುರಿತು ಬರೆದ ಗ್ರಂಥದಲ್ಲಿ ಉಳಿದುಬಂದಿವೆ.

ಯುರೋಪಿನಲ್ಲಿ 1586ರಲ್ಲಿ ಗೆಲಿಲಿಯೋ ನೀರಿನಲ್ಲಿ ತೂಗುವ ಸೂಕ್ಷ್ಮ ತಕ್ಕಡಿಯನ್ನು ವಿವರಿಸಿದ. ಆದರೂ 1774ರಲ್ಲಿ ಖನಿಜಗಳ ಬಾಹ್ಯ ಲಕ್ಷಣಗಳನ್ನು ವರ್ಗೀಕರಿಸಿದ ಜರ್ಮನಿಯ ವೆರ್ನರ್, ಭಾರವನ್ನು ಮುಖ್ಯವಾಗಿ ಕೈಯಲ್ಲಿ ಹಿಡಿದೇ ಅಂದಾಜಿಸುವ ಪದ್ಧತಿ ಹೇಳಿಕೊಟ್ಟ. 1787ರಲ್ಲಿ ಫ್ರಾನ್ಸಿನ ಬ್ರಿಸೋನ್ ನೂರಾರು ವಸ್ತುಗಳ ವಿಶಿಷ್ಟ ಗುರುತ್ವವನ್ನು ಪ್ರಕಟಿಸಿದ ಮೇಲೆ ಹೋಲಿಸಿ ನೋಡಲು ವಿಸ್ತಾರವಾದ ಪಟ್ಟಿ ದೊರೆಯಿತು. ಮುಂದೆ ಖನಿಜತಜ್ಞ ಮೋಸ್ ತನ್ನ ವರ್ಗೀಕರಣದಲ್ಲಿ ಗಡಸುತನದ ಜೊತೆಗೆ ಇದಕ್ಕೂ ಪ್ರಮುಖ ಸ್ಥಾನ ಕೊಟ್ಟ.

1864ರಲ್ಲಿ ಮ್ಯೂನಿಕ್‌ನ ಯೋಲಿ ರೂಪಿಸಿದ ಸ್ಪ್ರಿಂಗ್ ತಕ್ಕಡಿ ಚಿಕ್ಕ ತುಣುಕುಗಳ ಅಳತೆಯನ್ನು ಸುಲಭಗೊಳಿಸಿತು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಭಾರದ್ರವಗಳು ಬಳಕೆಗೆ ಬಂದವು. 2.89 ಗುರುತ್ವದ ಬ್ರೋಮೋಫಾರ್ಮ್‌ನಲ್ಲಿ ಬೆಣಚುಕಲ್ಲಿನ ಹರಳು ತೇಲುತ್ತದೆ, ನೀಲ ಮುಳುಗುತ್ತದೆ. ಮರಳಿನ ಕಣಗಳನ್ನೂ ಹೀಗೆಯೇ ಬೇರ್ಪಡಿಸಬಹುದು.

ಆದರೆ ಈ ಸಂಖ್ಯೆಯೊಂದೇ ಎಲ್ಲ ಖನಿಜಗಳನ್ನೂ ಗುರುತಿಸದು. ವಜ್ರಕ್ಕೆ 3.52, ಪುಷ್ಯರಾಗಕ್ಕೂ ಸುಮಾರು 3.5. ಆಲಿವಿನ್‌ನಲ್ಲಿ ಕಬ್ಬಿಣದ ಪಾಲು ಹೆಚ್ಚಿದಂತೆ ಗುರುತ್ವವೂ 3.2ರಿಂದ 4.4ರವರೆಗೆ ಏರುತ್ತದೆ. ಆದ್ದರಿಂದ ಗಡಸುತನ, ಹರಳಿನ ಆಕಾರ, ವಕ್ರೀಭವನ ಸೂಚಿಗಳನ್ನೂ ನೋಡಿಯೇ ಖನಿಜ ಯಾವುದೆಂದು ತೀರ್ಮಾನಿಸಲಾಗುತ್ತದೆ.