ಗೇರ್ ಬೀಳದ ಅಂಬಾಸಿಡರ್

2014ರ ಮೇ 24ರಂದು ಉತ್ತರಪಾರದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿರುವ ಊರು ಅದು. ಕಾರ್ಖಾನೆಯ ನೆನಪಿಗೆ ಅಲ್ಲಿನ ರೈಲು ನಿಲ್ದಾಣದ ಹೆಸರೇ ‘ಹಿಂದ್ ಮೋಟರ್’. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 24,000 ಅಂಬಾಸಿಡರ್ ಕಾರುಗಳು ಮಾರಾಟವಾಗುತ್ತಿದ್ದವು. ಕೊನೆಯ ವರ್ಷ ಆ ಸಂಖ್ಯೆ ಸುಮಾರು 2,200ಕ್ಕೆ ಇಳಿದಿತ್ತು.

ಮುಚ್ಚಿದ ದಿನ ಬಂದ ಬರಹಗಳಲ್ಲಿ ಹೆಚ್ಚಿನವು ಮಂತ್ರಿಗಳ ಬಿಳಿ ಕಾರು, ಕೋಲ್ಕತ್ತಾದ ಹಳದಿ ಟ್ಯಾಕ್ಸಿ, ಸೋಫಾದಂಥ ಸೀಟು ಇವನ್ನು ನೆನೆದವು. ಆ ಕಾರನ್ನು ದಿನವೂ ಓಡಿಸಿದವರಿಗೆ ನೆನಪಾಗುವುದು ಬೇರೆ: ಸ್ಟೇರಿಂಗ್ ಪಕ್ಕದ ಗೇರ್ ಲಿವರ್, ಅದು ಬೇಕಾದಾಗ ಬೀಳದೆ ಹಟ ಹಿಡಿಯುತ್ತಿದ್ದ ರೀತಿ. ಕನ್ನಡದಲ್ಲಿ ಗೇರ್ ‘ಬೀಳುತ್ತದೆ’. ಕೋಲ್ಕತ್ತಾದ ಟ್ಯಾಕ್ಸಿಗಳನ್ನು ಓಡಿಸುವ ಬಿಹಾರದ ಚಾಲಕರ ಹಿಂದಿಯಲ್ಲಿ ಅದು ‘ಅಂಟಿಕೊಳ್ಳುತ್ತದೆ’. ಕ್ರಿಯಾಪದ ಯಾವುದಾದರೂ ದೂರು ಒಂದೇ. ಆ ದೂರಿನ ಹಿಂದೆ ಒಂದು ಚರಿತ್ರೆಯಿದೆ.

ಬಿ.ಎಂ. ಬಿರ್ಲಾ 1942ರಲ್ಲಿ ಸ್ಥಾಪಿಸಿದ ಕಂಪನಿ ಇದು. ಮೊದಲು ಗುಜರಾತಿನ ಓಖಾ ಬಂದರಿನಲ್ಲಿತ್ತು, 1948ರಲ್ಲಿ ಉತ್ತರಪಾರಕ್ಕೆ ಬಂತು. ಬ್ರಿಟನ್ನಿನ ಮಾರಿಸ್ ಕಾರುಗಳನ್ನು ‘ಹಿಂದೂಸ್ತಾನ್ 10’, ‘ಹಿಂದೂಸ್ತಾನ್ 14’, ‘ಲ್ಯಾಂಡ್‌ಮಾಸ್ಟರ್’ ಎಂಬ ಹೆಸರುಗಳಲ್ಲಿ ತಯಾರಿಸಿತು. 1950ರ ದಶಕದ ಕೊನೆಗೆ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ ‘ಅಂಬಾಸಿಡರ್’ ಎಂಬ ಹೆಸರು ಪಡೆಯಿತು. ಬ್ರಿಟನ್ 1959ರಲ್ಲೇ ಆ ಮಾದರಿಯನ್ನು ಕೈಬಿಟ್ಟಿತು. ಅಲ್ಲಿ ಮುಗಿದ ಕಾರಿನ ಬಾಳು ಇಲ್ಲಿ ಆಗಷ್ಟೇ ಶುರುವಾಗಿತ್ತು.

ಗೇರ್ ಲಿವರ್ ಸ್ಟೇರಿಂಗ್ ಪಕ್ಕಕ್ಕೆ ಏರಿದ್ದು ಅಮೆರಿಕದ ಫ್ಯಾಷನ್ನು. 1930ರ ದಶಕದ ಕೊನೆಯಲ್ಲಿ ಅಲ್ಲಿನ ಕಾರುಗಳಲ್ಲಿ ಅದು ಜನಪ್ರಿಯವಾಯಿತು. ನೆಲದಿಂದ ಲಿವರ್ ಹೋದರೆ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದು. ಯುದ್ಧದ ನಂತರ ಬ್ರಿಟನ್ನಿನ ಕಂಪನಿಗಳೂ ಅದನ್ನು ಅನುಕರಿಸಿದವು. ತುಂಬಿದ ಮನೆಗಳ ಭಾರತಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಅದಕ್ಕೆ ತೆರಬೇಕಾದ ಬೆಲೆ ಬಾನೆಟ್ಟಿನ ಕೆಳಗಿತ್ತು. ನೆಲದ ಲಿವರ್ ನೇರವಾಗಿ ಗೇರ್‌ಬಾಕ್ಸಿನ ತಲೆಯ ಮೇಲೆ ಕೂರುತ್ತದೆ. ಸ್ಟೇರಿಂಗ್ ಪಕ್ಕದ ಲಿವರಿನ ಮಾತು ಕೊಳವೆ, ತೋಳು, ಸರಳು, ಬುಶ್‌ಗಳ ಮೂಲಕ ಕೈಬದಲಾಗಿ ಗೇರ್‌ಬಾಕ್ಸ್ ಮುಟ್ಟಬೇಕು. ಲಿವರಿಗೆ ಎರಡು ಚಲನೆ. ಚಾಲಕನ ಕಡೆಗೆ ಅಥವಾ ಅವನಿಂದ ದೂರಕ್ಕೆ ಸರಿಸಿದರೆ ಯಾವ ಗೇರುಗಳ ಜೋಡಿ ಎಂಬುದು ತೀರ್ಮಾನವಾಗುತ್ತದೆ. ಮೇಲೆ ಅಥವಾ ಕೆಳಗೆ ಒತ್ತಿದರೆ ಆ ಜೋಡಿಯಲ್ಲಿ ಒಂದು ಬೀಳುತ್ತದೆ. ದಾರಿಯ ಪ್ರತಿ ಕೊಂಡಿ ಒಂದಿಷ್ಟು ಸವೆದರೂ ಕೊನೆಯಲ್ಲಿ ಸಂದೇಶ ಅಸ್ಪಷ್ಟವಾಗುತ್ತದೆ.

ಇದರ ಮೇಲೆ ಇನ್ನೊಂದು ತೊಡಕು. ಸ್ಟೇರಿಂಗ್ ಕಂಬ ಕಾರಿನ ಒಡಲಿಗೆ ಬಿಗಿದಿರುತ್ತದೆ. ಗೇರ್‌ಬಾಕ್ಸ್ ಎಂಜಿನ್ನಿನ ಜತೆ ರಬ್ಬರ್ ಮೌಂಟಿಂಗ್‌ಗಳ ಮೇಲೆ ಅಲುಗುತ್ತದೆ. ರಬ್ಬರ್ ಕುಸಿದಾಗ ಎಂಜಿನ್ ಕೆಳಗಿಳಿದು ಸರಳುಗಳ ಕೋನ ಬದಲಾಗುತ್ತದೆ. ಗೇರ್‌ಬಾಕ್ಸಿನಲ್ಲಿ ದೋಷವಿಲ್ಲ, ಲಿವರಿನಲ್ಲೂ ಇಲ್ಲ, ಆದರೂ ಗೇರ್ ಬಿಗಿ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಕೋಲ್ಕತ್ತಾದ ರಸ್ತೆಗಳಲ್ಲಿ ಗ್ರೀಸು ತೊಳೆದುಹೋಗಿ ಕೆಸರು ಸೇರಿದರೆ ಹೇಳುವುದೇ ಬೇಡ.

ಆದ್ದರಿಂದ ಒಳ್ಳೆಯ ಮೆಕ್ಯಾನಿಕ್ ಸ್ಪಾನರ್ ಎತ್ತುವ ಮುಂಚೆ ಪ್ರಶ್ನೆ ಕೇಳುತ್ತಾನೆ. ಮೊದಲನೆಯದು: ಎಂಜಿನ್ ಆರಿಸಿದಾಗ ಗೇರ್ ಸಲೀಸಾಗಿ ಬೀಳುತ್ತದೆಯೇ? ಬಿದ್ದು, ಎಂಜಿನ್ ಓಡುವಾಗ ಮಾತ್ರ ಕರಕರ ಎಂದರೆ ತಪ್ಪು ಕ್ಲಚ್ಚಿನದು. ಪೆಡಲ್ ಪೂರ್ತಿ ತುಳಿದರೂ ಅದು ಬಿಡುತ್ತಿಲ್ಲ. ಗೇರ್‌ಬಾಕ್ಸಿನೊಳಗೆ ಚಕ್ರಗಳು ತಿರುಗುತ್ತಲೇ ಇವೆ. ಪೆಡಲಿನ ಸಡಿಲ, ಅದರ ಜೋಡಣೆ ನೋಡಿದರೆ ಎಷ್ಟೋ ಸಲ ಕೆಲಸ ಅಲ್ಲೇ ಮುಗಿಯುತ್ತದೆ.

ಎಂಜಿನ್ ಆರಿಸಿದಾಗಲೂ ಬಿಗಿಯಾಗಿದ್ದರೆ ಎರಡನೇ ಪ್ರಶ್ನೆ. ಸರಳುಗಳನ್ನು ಗೇರ್‌ಬಾಕ್ಸಿನ ತುದಿಯಲ್ಲಿ ಕಳಚಿ, ಅಲ್ಲಿನ ತೋಳುಗಳನ್ನು ಕೈಯಿಂದ ಆಡಿಸಬೇಕು. ಅವು ಸಲೀಸಾಗಿ ಆಡಿದರೆ ದೋಷ ಮೇಲಿದೆ: ಒಣಗಿದ ಕೊಳವೆ, ಸವೆದ ಬುಶ್, ಬಾಗಿದ ಸರಳು, ಕುಸಿದ ಮೌಂಟಿಂಗ್. ಆಡದಿದ್ದರೆ ಮಾತ್ರ ಗೇರ್‌ಬಾಕ್ಸಿನ ಸರದಿ. ಅಲ್ಲಿಯೂ ಮೊದಲು ಎಣ್ಣೆ. ಸಿಂಕ್ರೋಮೆಶ್ ಎಂಬ ವ್ಯವಸ್ಥೆಯಲ್ಲಿ ಶಂಕುವಿನಾಕಾರದ ಎರಡು ಮೈಗಳು ಉಜ್ಜಿಕೊಂಡು ವೇಗ ಸಮವಾದ ಮೇಲೆ ಹಲ್ಲುಗಳು ಕೂಡುತ್ತವೆ. ಎಣ್ಣೆ ಬೇಕಾದ್ದಕ್ಕಿಂತ ದಪ್ಪವಾಗಿದ್ದರೆ ಆ ಉಜ್ಜಾಟ ಹಿಡಿತಕ್ಕೆ ಬರುವುದಿಲ್ಲ. ಎಣ್ಣೆ ಸರಿಯಿದ್ದೂ ಬಿಗಿಯಾದರೆ ಆಗ ಒಳಗಿನ ಫೋರ್ಕು, ಗುಂಡು, ಸ್ಪ್ರಿಂಗುಗಳನ್ನು ಬಿಚ್ಚಬೇಕು. ಮೂಲ ಮಾದರಿಯ ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲೇ ಇಲ್ಲ. ಕಾರು ಚಲಿಸುತ್ತಿರುವಾಗ ಅದು ಪ್ರತಿಭಟಿಸಿದರೆ ಅದು ರೋಗವಲ್ಲ, ಸ್ವಭಾವ.

ಈ ಕ್ರಮದ ಬೆಲೆ ತಿಳಿಯುವುದು ಅದನ್ನು ಬಿಟ್ಟಾಗ. ಅಗ್ಗದ ಬುಶ್ ಒಂದರ ತಪ್ಪಿಗೆ ಗೇರ್‌ಬಾಕ್ಸ್ ಇಳಿಸಿದರೆ ಟ್ಯಾಕ್ಸಿಯ ಹಲವು ದಿನಗಳ ದುಡಿಮೆ ಹೋಗುತ್ತದೆ. ಹಾಗಾಗಿ ಚಾಲಕರೇ ಅರ್ಧ ಮೆಕ್ಯಾನಿಕ್‌ಗಳಾದರು. ಸವೆದ ಜೋಡಣೆ ಒಮ್ಮೊಮ್ಮೆ ಎರಡು ಗೇರುಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆಗ ಸಿಗ್ನಲ್ಲಿನಲ್ಲೇ ಇಳಿದು, ಬಾನೆಟ್ ಎತ್ತಿ, ಸರಳನ್ನು ಕೈಯಿಂದ ಎಳೆದು ಬಿಡಿಸಿ ಮತ್ತೆ ಹೊರಡುವುದು ಆಗಾಗ ಕಾಣುತ್ತಿದ್ದ ದೃಶ್ಯ. ಪಾರ್ಕ್ ಸ್ಟ್ರೀಟಿನ ಮಲ್ಲಿಕ್ ಬಜಾರ್ ಹಳೆಯ ಬಿಡಿಭಾಗಗಳ ಸಂತೆಯಾಗಿ ಬೆಳೆಯಲು ಇಂಥ ಕಾರುಗಳು ಕಾರಣವಾದವು.

ಲಿವರಿನ ಜಾಗವನ್ನು ಕಾರ್ಖಾನೆ ಬೇಗ ಬದಲಿಸಲಿಲ್ಲ. ಪರವಾನಗಿಯ ಕಾಲದಲ್ಲಿ ದೇಶದಲ್ಲಿ ಕಾರು ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ಕಾರಿಗೆ ವರ್ಷಗಟ್ಟಲೆ ಕಾಯುವ ಗಿರಾಕಿ ಗೇರ್ ಬಿಗಿ ಎಂದು ದೂರಿದರೆ ಯಾರಿಗೆ ನಷ್ಟ? ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಜನರಿಗೆ ಹಗುರಾದ ನೆಲದ ಗೇರ್ ಎಂದರೇನೆಂದು ತಿಳಿಯಿತು. ಅಂಬಾಸಿಡರ್‌ಗೆ ಐಸುಜು ಎಂಜಿನ್ನಿನೊಂದಿಗೆ ನೆಲದ ಮೇಲಿನ ಐದು ಗೇರ್ ಬಂದದ್ದು 1990ರ ದಶಕದಲ್ಲಿ. ನಡುವಿನ ಮೂರೂವರೆ ದಶಕ, ಕಾರ್ಖಾನೆ ಮಾಡದೆ ಬಿಟ್ಟ ಸುಧಾರಣೆಯ ಭಾರವನ್ನು ಹೊತ್ತದ್ದು ಚಾಲಕನ ಎಡಗೈ ಮತ್ತು ಬೀದಿಬದಿಯ ಮೆಕ್ಯಾನಿಕ್ಕಿನ ತಾಳ್ಮೆ.

ಆ ತಾಳ್ಮೆಗೂ ಈಗ ಗಡುವು ಬಂದಿದೆ. 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ಕೋಲ್ಕತ್ತಾದಿಂದ ತೆಗೆಯಬೇಕೆಂದು ಕಲ್ಕತ್ತಾ ಹೈಕೋರ್ಟ್ 2008ರಲ್ಲಿ ಆದೇಶಿಸಿತು. ಕಾರ್ಖಾನೆ ನಿಂತದ್ದು 2014ರಲ್ಲಿ, ಲೆಕ್ಕ ಯಾರಾದರೂ ಹಾಕಬಹುದು. ಬ್ರ್ಯಾಂಡಿನ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೋ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರಿಗೆ ಬೆಲೆ ಕಟ್ಟಲಾಯಿತು. ಸರಳು ಕಳಚಿ ತೋಳನ್ನು ಕೈಯಿಂದ ಆಡಿಸಿ ನೋಡು ಎಂಬ ತಿಳಿವಳಿಕೆ ಆ ವ್ಯಾಪಾರದಲ್ಲಿ ಸೇರಿರಲಿಲ್ಲ.

ಹಳೆಯ ಕಾರುಗಳನ್ನು ಉಳಿಸುವವರು ಇದ್ದಾರೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಅವು ಸಾಲಾಗಿ ನಿಂತಿವೆ. ಕೋಲ್ಕತ್ತಾದಲ್ಲಿ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ರ್‍ಯಾಲಿಯಲ್ಲಿ ಓಡುತ್ತವೆ. ನಿಂತ ಕಾರಿಗೆ ಬಣ್ಣ ಬಳಿದರೆ ಸಾಕು. ಓಡುವ ಕಾರಿಗೆ ಅದರ ರೋಗ ಬಲ್ಲವರು ಬೇಕು. ಮನೆಯ ಷೆಡ್ಡಿನಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಇಟ್ಟುಕೊಂಡವರು ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮುಂಚೆ ಒಬ್ಬ ಹಳೆಯ ಟ್ಯಾಕ್ಸಿ ಮೆಕ್ಯಾನಿಕ್ಕನ್ನು ಹುಡುಕುವುದು ಒಳ್ಳೆಯದು. ಅವನು ಕಾರನ್ನು ನೋಡುವಾಗ ಪಕ್ಕದಲ್ಲಿ ನಿಂತು, ಅವನ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.