ಶ್ರುತಪಂಚಮಿಯ ಪುಸ್ತಕದಾನ

ಹಬ್ಬದ ನೆವದಿಂದ ಬಟ್ಟೆ, ಹಣ್ಣು, ಭಕ್ಷ್ಯಗಳನ್ನು ಕೊಡುವುದು ನಮ್ಮ ಹಳೆಯ ರೂಢಿಯೆಂದೂ, ಪುಸ್ತಕವನ್ನು ಕೊಡುವುದು ಪಶ್ಚಿಮದಿಂದ ಬಂದ ಹೊಸ ಶಿಷ್ಟಾಚಾರವೆಂದೂ ನಮ್ಮಲ್ಲಿ ಹಲವರು ಭಾವಿಸುವುದುಂಟು. ಆದರೆ ಕನ್ನಡನಾಡಿನಲ್ಲಿ ಒಂಬತ್ತುನೂರು ವರ್ಷಗಳಷ್ಟು ಹಿಂದೆಯೇ ಹಬ್ಬದ ಕೊಡುಗೆಯಾಗಿ ಸಂದ ಓಲೆಯ ಪುಸ್ತಕವೊಂದು ಮೂಡಬಿದಿರೆಯಲ್ಲಿ ಉಳಿದುಬಂದಿದೆ.

ಜ್ಯೇಷ್ಠ ಶುದ್ಧ ಪಂಚಮಿಯನ್ನು ದಿಗಂಬರ ಜೈನರು ಶ್ರುತಪಂಚಮಿಯೆಂದು ಆಚರಿಸುವರು. ಗಿರಿನಗರದ ಧರಸೇನಾಚಾರ್ಯರು, ತಮ್ಮೊಡನೆ ಶಾಸ್ತ್ರವೂ ಅಳಿದೀತೆಂಬ ಚಿಂತೆಯಿಂದ, ಪುಷ್ಪದಂತ ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರೆಂದೂ, ಅವರು ಅದನ್ನು ಷಟ್ಖಂಡಾಗಮವೆಂಬ ಗ್ರಂಥವಾಗಿ ರಚಿಸಲು ಸಂಘವು ಆ ತಿಥಿಯಲ್ಲಿ ಪುಸ್ತಕವನ್ನೇ ಪೂಜಿಸಿತೆಂದೂ ಸಂಪ್ರದಾಯ. ಕಿವಿಯಿಂದ ಕಿವಿಗೆ ಬಂದ ವಿದ್ಯೆ ಬರಹಕ್ಕಿಳಿದ ದಿನದ ಹಬ್ಬವಿದು. ಈ ವ್ರತವನ್ನು ಹಿಡಿದವರು ಅದರ ಉದ್ಯಾಪನೆಯಲ್ಲಿ ಶಾಸ್ತ್ರವೊಂದನ್ನು ಬರೆಯಿಸಿ ಗುರುವಿಗೆ ಒಪ್ಪಿಸುತ್ತಿದ್ದರು.

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಕಡೆಯದೇ ಕಷ್ಟತಮವಾದುದೆಂದು ನಮಗೆ ತೋರುತ್ತದೆ. ಓಲೆಗಳನ್ನು ಹದಮಾಡಿಸಬೇಕು, ಒಂದಳತೆಗೆ ಕತ್ತರಿಸಬೇಕು, ಶಾಸ್ತ್ರಬಲ್ಲ ಲಿಪಿಕಾರನನ್ನು ಹುಡುಕಿ ಬಹುಕಾಲ ಪೋಷಿಸಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಕೇಳಿ ಸುಮ್ಮನೆ ತಲೆದೂಗುವವರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು.

ಷಟ್ಖಂಡಾಗಮಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ರಚಿಸಿದ ಮಹಾಟೀಕೆಗೆ ಧವಲಾ ಎಂದು ಹೆಸರು. ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ. ಮೂಡಬಿದಿರೆಯ ಓಲೆಗಳ ಲಿಪಿಯಾದರೋ ಹಳೆಯ ಕನ್ನಡ. ದೇಮಿಯಕ್ಕನೆಂಬಾಕೆ ಶ್ರುತಪಂಚಮಿಯ ಉದ್ಯಾಪನೆಯಲ್ಲಿ ಇದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಆ ಗುರುಗಳು 1123ರಲ್ಲಿ ದೇಹವಿಟ್ಟುದನ್ನು ಶ್ರವಣಬೆಳಗೊಳದ ಶಾಸನವು ಹೇಳುವುದರಿಂದ, ಕೊಡುಗೆ ಅದಕ್ಕಿಂತ ಹಿಂದಿನದು. ಮಹಾಬಂಧವೆಂಬ ಭಾಗವನ್ನು ಮಲ್ಲಿಕಬ್ಬೆಯು ಶ್ರೀಪಂಚಮಿಯ ವ್ರತಕ್ಕಾಗಿ ಬರೆಯಿಸಿ ಮಾಘನಂದಿ ಮುನಿಗಳಿಗಿತ್ತಳು. ಅತ್ತಿಮಬ್ಬೆಯಂತೆ ಇವರಿಬ್ಬರೂ ಸ್ತ್ರೀಯರೆಂಬುದನ್ನು ನಾವು ಮರೆಯಲಾಗದು.

ಕೊಟ್ಟುದು ಗುರುವಿನ ಕೈಗೆ, ಓದಲೆಂದು. ಕಾಲಕ್ರಮದಲ್ಲಿ ಆದುದು ಬೇರೆ. ಓಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯನ್ನು ಸೇರಿ ದರ್ಶನದ ವಸ್ತುವಾದುವು. ಯಾತ್ರಿಕರು ಬಂದು ಕಾಣಿಕೆಯಿಟ್ಟು ಕೈಮುಗಿದು ಹೋಗುವರು, ಓದುವವರಿಲ್ಲ. ಇಷ್ಟಕ್ಕೇ ಬಸದಿಯವರನ್ನು ಹಳಿಯುವುದು ನ್ಯಾಯವಲ್ಲ. ಬೇರೆಡೆ ಇದ್ದಿರಬಹುದಾದ ಪ್ರತಿಗಳೆಲ್ಲ ಮಾಯವಾದಾಗ, ಅವರ ಬಿಗಿಯಾದ ಕಾವಲೇ ಗ್ರಂಥವನ್ನು ಉಳಿಸಿತು. ಆದರೂ ಓಲೆ ಜೀರ್ಣವಾಗುತ್ತಿದ್ದಿತು; ಇನ್ನೊಂದು ಪ್ರತಿಯಾಗದಿದ್ದರೆ ಪೂಜೆಯೊಂದೇ ಅದನ್ನು ಕಾಯಲಾರದು.

ಮುಂಬಯಿ, ಸೊಲ್ಲಾಪುರಗಳ ಶ್ರೀಮಂತ ಜೈನರ ಒತ್ತಾಸೆಯಿಂದ 1896ರಲ್ಲಿ ಪ್ರತಿಮಾಡುವ ಕೆಲಸ ಮೊದಲಾಯಿತು. ಪ್ರತಿಯು ಊರುಬಿಟ್ಟು ಹೋಗಬಾರದೆಂದು ಬಸದಿಯವರ ಕಟ್ಟಪ್ಪಣೆ. ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ, ವಿದುಷಿಯಾದ ಮಡದಿ ಲಕ್ಷ್ಮೀಬಾಯಿಯವರ ನೆರವಿನಿಂದ, ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರದ ಧನಿಕರೊಬ್ಬರ ಕೈಸೇರಿತು. ಅಲ್ಲಿ ನಾಗರಿಗಿಳಿದು, ಪ್ರತಿಯಿಂದ ಪ್ರತಿಯಾಗಿ ಉತ್ತರದೇಶದಲ್ಲೆಲ್ಲ ಹರಡಿತು. ಅಪ್ಪಣೆ ಮೀರಿದುದು ತಪ್ಪೇ ಇರಬಹುದು. ದೇಮಿಯಕ್ಕನ ಕೊಡುಗೆ ಓದುಗರನ್ನು ಮುಟ್ಟಿದುದು ಮಾತ್ರ ಆ ದಾರಿಯಿಂದ.

ಇಂತಹ ಪ್ರತಿಗಳನ್ನು ಆಧರಿಸಿ ಪ್ರೊಫೆಸರ್ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟಗಳಾದುವು. ಮೊದಲ ಸಂಪುಟಗಳು ಹೊರಬಿದ್ದ ಬಳಿಕ ಮೂಡಬಿದಿರೆಯವರೂ ಮನಸ್ಸು ಬಿಚ್ಚಿ, ಮುಂದಿನ ಸಂಪುಟಗಳ ಪಾಠವನ್ನು ಮೂಲ ಓಲೆಗಳೊಡನೆ ಹೋಲಿಸಿ ತಿದ್ದಲು ಅವಕಾಶವಿತ್ತರು.