ಕ್ರಿಕೆಟಿಗರ ಹಸ್ತಾಕ್ಷರ ಸಂಗ್ರಹ

ಕ್ರಿಕೆಟಿಗರ ಹಸ್ತಾಕ್ಷರ ಸಂಗ್ರಹವು ಆಟಗಾರರು ಚಿತ್ರಕಾರ್ಡು, ಛಾಯಾಚಿತ್ರ, ಬ್ಯಾಟು ಅಥವಾ ಪುಸ್ತಕದ ಮೇಲೆ ಹಾಕಿದ ಸಹಿಗಳನ್ನು ಕೂಡಿಡುವ ಹವ್ಯಾಸವಾಗಿದೆ. ನಿವೃತ್ತ ಆಟಗಾರರ ಸಹಿಗಳು ಇದರ ಮುಖ್ಯ ಭಾಗ.

ಹಿನ್ನೆಲೆ

ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಸಿಗರೇಟು ಪೊಟ್ಟಣಗಳೊಂದಿಗೆ ಬೇಸ್‌ಬಾಲ್ ಆಟಗಾರರ ಕಾರ್ಡುಗಳು ಬರುತ್ತಿದ್ದವು. ಭಾರತದಲ್ಲಿ 1980ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಕಾರ್ಡುಗಳು ದೊರೆಯುತ್ತಿದ್ದವು.

ಕರ್ನಾಟಕದಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಗೆ ಟೆಸ್ಟ್ ಪಂದ್ಯ ನಡೆಯುವ ಸಮೀಪದ ಮೈದಾನ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ ಮೊದಲ ಟೆಸ್ಟ್ 1974ರಲ್ಲಿ ನಡೆಯಿತು. ಅದೇ ವರ್ಷ ಇ.ಎ.ಎಸ್. ಪ್ರಸನ್ನ ನಾಯಕತ್ವದ ಕರ್ನಾಟಕ ತಂಡವು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಜಿ.ಆರ್. ವಿಶ್ವನಾಥ್, ಬಿ.ಎಸ್. ಚಂದ್ರಶೇಖರ್ ಮೊದಲಾದವರಿದ್ದ ಆ ತಂಡದ ಸಹಿಗಳು ರಾಜ್ಯದ ಕ್ರೀಡಾ ಇತಿಹಾಸದ ದಾಖಲೆಗಳೂ ಹೌದು.

ವಿರಳತೆ ಮತ್ತು ನೈಜತೆ

ಪ್ರಸನ್ನ, ಚಂದ್ರಶೇಖರ್, ಬಿಷನ್ ಸಿಂಗ್ ಬೇಡಿ ಮತ್ತು ಎಸ್. ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ ಬೌಲರ್‌ಗಳು ಒಟ್ಟಿಗೆ ಆಡಿದ್ದು 1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಮಾತ್ರ. 2023ರಲ್ಲಿ ಬೇಡಿಯವರು ನಿಧನರಾದ ಕಾರಣ ನಾಲ್ವರ ಸಹಿಯುಳ್ಳ ಹೊಸ ಹಾಳೆ ಇನ್ನು ದೊರೆಯದು. ಇಂತಹ ವಿರಳತೆಯೇ ನಕಲಿ ಸಹಿಗಳಿಗೂ ಕಾರಣವಾಗುತ್ತದೆ. ಕಾರ್ಡಿನಲ್ಲಿ ಮುದ್ರಿಸಿದ ಸಹಿ ಎಲ್ಲ ಪ್ರತಿಗಳಲ್ಲೂ ಒಂದೇ ರೀತಿ ಇರುತ್ತದೆ. ಕೈಯಿಂದ ಹಾಕಿದ ಸಹಿ ಪ್ರತಿ ಬಾರಿಯೂ ತುಸು ಬೇರೆಯಾಗಿರುತ್ತದೆ. ಸಹಿ ಪಡೆದ ದಿನಾಂಕ ಮತ್ತು ಸ್ಥಳವನ್ನು ಬರೆದಿಡುವುದು ನೈಜತೆಯನ್ನು ತಿಳಿಯಲು ನೆರವಾಗುತ್ತದೆ. ಬಿಸಿಲಿಗೆ ಮಸಿ ಮಾಸುವುದರಿಂದ ಸಂಗ್ರಹವನ್ನು ನೆರಳಿನಲ್ಲಿಡಬೇಕು.